ಟೀಚರಮ್ಮ ಕೇಳುತ್ತಿದ್ದ ಕೆಟ್ಟ ಪ್ರಶ್ನೆ

ಹೋದ ವಾರ ಪಾಂಡವಪುರದ ಹಿಟ್ಟಿನ ಗಿರಣಿ ಮುಂದೆ ನಿಂತಿದ್ದೆ. ಯಾರೋ ಹುರಿದ ಗೋಧಿ, ಹುರಿಗಡಲೆ ಬೀಸಿಸುತ್ತಿದ್ದರು. ಆ ಬಿಸಿ ಹಿಟ್ಟಿನ ವಾಸನೆ ಬಂದದ್ದೇ ನಮ್ಮೂರಿನ ಅಂಗನವಾಡಿ ಟೀಚರಮ್ಮ ನೆನಪಾದರು. ಮಕ್ಕಳ ಹಿಟ್ಟು ಬರುತ್ತಿದ್ದ ಖಾಲಿ ಚೀಲದಲ್ಲೇ ಅವರು ಚುನಾವಣೆಯ ಕಾಗದಗಳನ್ನು ತುಂಬಿಕೊಂಡು ತಿರುಗುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದ ಓಟಿನ ಚೀಟಿಗಳಿಗೂ ಅದೇ ವಾಸನೆ... ಇಲ್ಲವೇ ಇದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಇತಿಹಾಸದಲ್ಲಿ ಎಂ.ಎ. ಮಾಡಿ ಆದ ಲಾಭ ಇಷ್ಟೇ, ನನ್ನ ಸಾಕ್ಷಿಯನ್ನೇ ನಾನು ನಂಬುವುದಿಲ್ಲ.

ಅವರು ನಮ್ಮ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ ಕೂಡ ಆಗಿದ್ದರು. ಮತದಾರರ ಪಟ್ಟಿಗೆ ಹದಿನೆಂಟು ತುಂಬಿದವರನ್ನು ಸೇರಿಸುವುದು, ಮದುವೆಯಾಗಿ ಹೋದವರನ್ನೂ ಸತ್ತವರನ್ನೂ ತೆಗೆಸುವುದು ಅವರ ಕೆಲಸ. ಬೆಳಗ್ಗೆಯೆಲ್ಲ ಮಕ್ಕಳನ್ನು ನೋಡಿಕೊಂಡು ಮಧ್ಯಾಹ್ನದ ಮೇಲೆ ಬೀದಿ ಸುತ್ತುತ್ತಿದ್ದರು. ಯಾರ ಮನೆಗೆ ಬಂದರೂ ಮೊದಲು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಅದಾದ ಮೇಲೇ ಮಾತು.

ತೀರ ವಯಸ್ಸಾದವರು ಮನೆಯಲ್ಲೇ ಓಟು ಹಾಕಬಹುದು ಎಂಬ ವ್ಯವಸ್ಥೆ ಆಗ ಹೊಸದು. ನಮ್ಮ ಅಜ್ಜಿ ಮದುವೆಯಾಗಿ ಬಂದ ಮೇಲೆ ಒಂದು ಓಟನ್ನೂ ತಪ್ಪಿಸಿದವಳಲ್ಲ, ಆದರೆ ಮಂಡಿ ಹೋಗಿತ್ತು. ಟೀಚರಮ್ಮ ಅರ್ಜಿ ತಂದರು. ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಬೂತಿನಲ್ಲಿ ಹಾಕುವಂತಿಲ್ಲ, ಮನೆಗೆ ಎರಡು ಸಲ ಬರುತ್ತಾರೆ, ಮೂರನೇ ಸಲ ಇಲ್ಲ ಎಂದು ಬಿಡಿಸಿ ಹೇಳಿದರು.

"ಮನೆ ಬಾಗ್ಲಿಗೇ ಬತ್ತದೆ ಅಂದ್ರೆ ಬ್ಯಾಡ ಅನ್ನಕ್ಕಾದದಾ?" ಎಂದು ಅಜ್ಜಿ ಒತ್ತಿದಳು.

ಅಧಿಕಾರಿಗಳು ಬರುವ ಹಿಂದಿನ ದಿನ ನಮ್ಮ ದಾಯಾದಿ ದೊಡ್ಡಪ್ಪ ತೀರಿಕೊಂಡರು. ಹನ್ನೊಂದನೇ ದಿನದ ತಿಥಿಯವರೆಗೆ ನಮ್ಮ ಮನೆಗೂ ಸೂತಕ. ಟೀಚರಮ್ಮನ ಹಿಂದೆ ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸು, ಒಬ್ಬ ಕ್ಯಾಮೆರಾದವನು ಬಂದು ಜಗಲಿಯ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಅಜ್ಜಿ ಕೈ ಮುಂದೆ ಮಾಡಲಿಲ್ಲ.

"ತಿಥಿ ಆಗ್ಲಿ, ಆಮ್ಯಾಕೆ ಬನ್ನಿ."

"ಓಟಿಗೆಂತಾ ಸೂತಕ ಕಣಜ್ಜಿ," ಎಂದರು ಟೀಚರಮ್ಮ.

"ಸೂತಕದ ಕೈಲಿ ನಾನು ಗುರ್ತು ಹಾಕುದ್ರೆ ನನ್ನ ಕಡೆಯೋನು ಗೆದ್ದಾನಾ? ಬೇಕಾದ್ರೆ ಯೋಳು, ಅವನ ಎದುರಿನೋನ್ಗೆ ಹಾಕ್ಬುಡ್ತೀನಿ."

ಪೊಲೀಸಿನವನು ಆ ಕಡೆ ತಿರುಗಿಕೊಂಡು ನಕ್ಕ.

ನಾಲ್ಕಾರು ದಿನ ಬಿಟ್ಟು ಮತ್ತೆ ಬಂದರು. ಅಜ್ಜಿಯದು ಅದೇ ಮಾತು. ಅಧಿಕಾರಿ 'ನಿರಾಕರಿಸಿದ್ದಾರೆ' ಎಂದು ಬರೆಯಲು ಹೋದಾಗ ಟೀಚರಮ್ಮ ತಡೆದರು. "ಇಲ್ಲ ಅಂದಿಲ್ಲ ಸಾರ್ ಅಜ್ಜಿ. ತಡೀರಿ ಅಂದವ್ಳೆ." ಅದನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ತಿಥಿ ಮುಗಿಯಿತು. ಓಟಿನ ದಿನ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ನನ್ನ ತೋಳು ಹಿಡಿದು ಶಾಲೆಗೆ ಹೊರಟಳು. ಆಗುವುದಿಲ್ಲ ಎಂದು ಮನೆಯವರೆಲ್ಲ ಹೇಳಿದೆವು. ಕೇಳಲಿಲ್ಲ. ಶಾಲೆಯ ಹೊಂಗೆ ಮರದ ಕೆಳಗೆ ಪಟ್ಟಿ ಹಿಡಿದು ಕೂತಿದ್ದ ಟೀಚರಮ್ಮ ದೂರದಿಂದಲೇ ನಮ್ಮನ್ನು ನೋಡಿ ಎದ್ದು ನಿಂತರು. ತಮ್ಮ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ.

"ಬುಡಕ್ಕಿಲ್ವಂತೆ ಕಣಜ್ಜಿ."

"ನೀನೇ ಅಲ್ವಾ ಬರಸ್ಕಂಡಿದ್ದು?"

"ಊಂ. ನಾನೇಯ."

ನಾನು ಒಳಗೆ ಹೋಗಿ ಹಕ್ಕು, ಸಂವಿಧಾನ ಅಂತೆಲ್ಲ ವಾದಿಸಿದೆ. ಬೂತಿನ ಅಧಿಕಾರಿ ತಾಳ್ಮೆಯಿಂದ ಕೇಳಿ, ಹೀಗೆ ಬಿಟ್ಟರೆ ಒಬ್ಬರೇ ಎರಡು ಕಡೆ ಹಾಕುವುದಿಲ್ಲವೇ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಸರಿಯಾಗಿದೆ. ಹೊರಗೆ ಬಂದಾಗ ಇಬ್ಬರಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜಿ ಎಂದು ನನ್ನ ನೆನಪು. ನನ್ನ ಅಕ್ಕ ಮಾತ್ರ 'ಅಲ್ಲ, ಟೀಚರಮ್ಮ' ಎನ್ನುತ್ತಾಳೆ. ಅಕ್ಕ ಆ ದಿನ ಅಲ್ಲಿದ್ದಳೇ ಎಂಬುದೂ ನನಗೆ ಖಚಿತವಿಲ್ಲ...

ಅಜ್ಜಿಗೆ ಇನ್ನೊಂದು ಚುನಾವಣೆ ಸಿಗಲಿಲ್ಲ.

ಆಮೇಲೆ ಟೀಚರಮ್ಮ ಯಾರ ಮನೆಗೆ ಆ ಅರ್ಜಿ ತಂದರೂ ವಯಸ್ಸು ಕೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. "ದಾಯಾದಿಗಳ ಪೈಕಿ ಯಾರಾದ್ರೂ ಸಾಯಂಗವ್ರಾ?" ಜನ ಉಗಿಯುತ್ತಿದ್ದರು. "ಏನವ್ವ, ಕೂಸುಗಳಿಗೆ ಹಿಟ್ಟು ಕೊಡೋಳು ನೀನು, ಯಮನ ಕಡೆಯೋಳಾ?" ಎಂದು ಒಬ್ಬ ಮುದುಕ ಕೋಲು ಎತ್ತಿದ್ದನ್ನು ನಾನೇ ನೋಡಿದ್ದೇನೆ. ಅವರು ಗೋಡೆಗೆ ಒರಗಿ, ಬೈಗುಳ ಮುಗಿಯುವವರೆಗೆ ಕಾದು, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು. ದಾಯಾದಿಗಳಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾದರೆ, "ನೀವು ಬೂತಿಗೇ ಬಂದ್ಬುಡಿ, ಆಟೋ ನಾನು ಯೋಳ್ತೀನಿ," ಎಂದು ಅರ್ಜಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಟೀಚರಮ್ಮ ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ತಿಥಿ ಕಳೆದ ಮೇಲೆ.

ಈಗ ಮತ್ತೆ ಚುನಾವಣೆ. ಅಂಗವಿಕಲರಿಗೂ ಆ ವ್ಯವಸ್ಥೆ ಇರುವುದರಿಂದ ಲಕ್ವ ಹೊಡೆದು ಮಲಗಿರುವ ಅಪ್ಪನಿಗೂ ಆ ಅರ್ಜಿ ಕೊಡುತ್ತಾರೆ. ಹೊಸ ಬಿಎಲ್‌ಒ ಪ್ರೈಮರಿ ಶಾಲೆಯ ಮೇಷ್ಟ್ರು, ಒಳ್ಳೆಯವರು. ನಿನ್ನೆ ಬಂದು ಕಾಗದ ಬಿಡಿಸಿ ಹೆಬ್ಬೆಟ್ಟು ಎಲ್ಲಿ ಎಂದು ತೋರಿಸಿದರು. ಸೂತಕದ ವಿಷಯದಲ್ಲಿ ಅಪ್ಪ ಅಜ್ಜಿಯ ಮಗನೇ. ಪಕ್ಕದ ಮನೆಯ ದಾಯಾದಿ ಚಿಕ್ಕಪ್ಪನನ್ನು ಮೊನ್ನೆಯಷ್ಟೇ ಮೈಸೂರಿನ ಆಸ್ಪತ್ರೆಯಿಂದ, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದಾರೆ. ಅದನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ಗೋಡೆಯಾಚೆ ಚಿಕ್ಕಪ್ಪ ಕೆಮ್ಮುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಆ ಮಾತು ಆಡುವ ಬಾಯಿ ಊರಿಗೆ ಒಂದೇ ಇತ್ತು.

"ನಾಳೆ ಬನ್ನಿ ಮೇಷ್ಟ್ರೇ," ಎಂದೆ.

"ನಾಳೆ ಕಡೇ ದಿನ ಸಾರ್," ಎಂದು ಅವರು ಅರ್ಜಿಯನ್ನು ನನ್ನ ಕೈಗೇ ಕೊಟ್ಟು ಹೋದರು.