ಮಿಸ್ ನಮ್ಮನ್ನು ಕಡಲಿಗೆ ಕರೆದೊಯ್ದ ದಿನ

ಕಳೆದ ವಾರ ಅಡುಗೆಮನೆಯಲ್ಲಿ ಪಚ್ಚಿಲೆ ಚಿಪ್ಪುಮೀನು ತೊಳೆಯುತ್ತಿದ್ದೆ. ಚಿಪ್ಪಿನ ಬದಿಯಲ್ಲಿ ಕಂದು ನಾರಿನ ಗೊಂಚಲು ಇರುತ್ತದಲ್ಲ, ಅದು ಎಳೆದರೂ ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ... ಇಳಿತದ ಹೊತ್ತಿನ ಕಡಲಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಬಯಾಲಜಿ ಮಿಸ್ ನೆನಪಾದರು. ಅವರ ನೆನಪಾದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ.

ತೊಂಬತ್ತರ ದಶಕದ ಕೊನೆ. ನಾವು ಕುವೈತಿನ ಹವಲ್ಲಿಯ ಹಳೇ ಕಟ್ಟಡವೊಂದರಲ್ಲಿದ್ದೆವು. ಡ್ಯಾಡಿ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್, ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ಮಿಸ್ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದರು. ಉಡುಪಿ ಕಡೆಯವರು, ಮನೆಮಾತು ತುಳು. ನಮ್ಮದು ಕೊಂಕಣಿ. ಹಾಗಾಗಿ ಮಮ್ಮಿ ಮತ್ತು ಅವರು ಮೆಟ್ಟಿಲ ಮೇಲೆ ಸಿಕ್ಕಾಗ ಕನ್ನಡದಲ್ಲೇ ಮಾತಾಡುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ಪಾಠವಿತ್ತು, ಹರಿಯುವ ನೀರಿನಲ್ಲಿ ಬದುಕುವ ಜೀವಿಗಳದ್ದು. ನಾವು ಉರು ಹೊಡೆದು ಒಪ್ಪಿಸಿದೆವು. ಮಿಸ್ ಪುಸ್ತಕ ಮುಚ್ಚಿ, ನಿಮ್ಮಲ್ಲಿ ಹೊಳೆ ನೋಡಿದವರು ಯಾರು ಎಂದು ಕೇಳಿದರು. ಎದ್ದದ್ದು ನಾಲ್ಕೈದು ಕೈ, ಅದೂ ರಜೆಗೆ ಊರಿಗೆ ಹೋದಾಗ ರೈಲಿನ ಕಿಟಕಿಯಿಂದ ಕಂಡದ್ದು. ಕುವೈತಿನಲ್ಲಿ ಹೊಳೆಯೆಲ್ಲಿ? ಹರಿಯುವ ನೀರೆಂದರೆ ನಮಗೆ ನಲ್ಲಿ ಮಾತ್ರ.

ಮರುದಿನ ಅವರು ಲ್ಯಾಬಿನ ಸಿಂಕಿನಲ್ಲಿ ಕಲ್ಲುಗಳನ್ನಿಟ್ಟು, ಮಕ್ಕಳು ಆಡುವ ಬಣ್ಣದ ಜೇಡಿಯಿಂದ ನಮ್ಮ ಕೈಯಲ್ಲೇ ಹುಳು, ಮೀನು ಮಾಡಿಸಿ ಅಂಟಿಸಿ ನಲ್ಲಿ ಬಿಟ್ಟರು. ಎತ್ತರಕ್ಕೆ ನಿಂತಿದ್ದವೆಲ್ಲ ಕೊಚ್ಚಿಹೋದವು. ಚಪ್ಪಟೆಯಾಗಿ ಕಲ್ಲಿಗೆ ಕವುಚಿ ಮಲಗಿದ್ದವು ಉಳಿದವು. ತಮ್ಮೂರಿನ ಹೊಳೆಯಲ್ಲಿ, ಬಾಯಿಯ ಹಿಂದಿನ ತಟ್ಟೆಯಂಥ ಅಂಗದಿಂದ ಬಂಡೆ ಕಚ್ಚಿಕೊಂಡು ನೆರೆಯಲ್ಲೂ ಅಲುಗದ ಮೀನೊಂದಿದೆ ಎಂದರು. ನಾವು ನಂಬದೆ ನಕ್ಕೆವು. ಹಾಗಾದರೆ ನಿಜವಾದದ್ದನ್ನೇ ತೋರಿಸುತ್ತೇನೆ, ಹೊಳೆ ಇಲ್ಲದಿದ್ದರೆ ಕಡಲಿದೆ ಎಂದರು.

ಬೆಳಗಿನ ಅಸೆಂಬ್ಲಿ ಮುಗಿದ ಮೇಲೆ ಅವರು ಪ್ರಿನ್ಸಿಪಾಲರನ್ನು ಕೇಳಿದ್ದು ನಮ್ಮ ಸಾಲಿನ ಎದುರಿಗೇ. ಪ್ರಿನ್ಸಿಪಾಲರು ಹೋಗಿ ಬನ್ನಿ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಶಾಲೆಯ ಬಸ್ಸೇ ನಮ್ಮನ್ನು ಕಡಲ ಬದಿಯ ಗಲ್ಫ್ ರೋಡಿಗೆ ಕರೆದೊಯ್ದಿತು.

ನೀರು ಇಳಿದು ಕಲ್ಲುಗಳು ಮೇಲೆದ್ದಿದ್ದವು. ನಾವು ಹುಡುಗಿಯರು ಸಲ್ವಾರ್ ಮಡಚಿಕೊಂಡು ಇಳಿದೆವು. ಕಲ್ಲಿನ ತುಂಬ ಅಂಟಿಕೊಂಡ, ಸಣ್ಣ ಗೋಪುರದಂಥ ಚೂಪು ಚಿಪ್ಪಿನ ಬಾರ್ನಕಲ್‌ಗಳು. ಅಲೆ ಆ ಇಳಿಜಾರಿನ ಮೈಮೇಲೆ ಜಾರಿ ಹೋಗುವುದನ್ನು ಮಿಸ್ ಬಗ್ಗಿ ತೋರಿಸಿದರು. ಟೋಪಿಯಂಥ ಚಿಪ್ಪಿನ ಇನ್ನೊಂದು ಜೀವಿಯನ್ನು ಮುಟ್ಟಲು ಹೇಳಿದರು. ಮುಟ್ಟಿದ ಕೂಡಲೇ ಅದು ಕಲ್ಲಿಗೆ ಎಷ್ಟು ಬಿಗಿಯಾಗಿ ಕೂತಿತೆಂದರೆ ನಮ್ಮ ಉಗುರೂ ತೂರಲಿಲ್ಲ. ಇದಕ್ಕೆ ಕಾಲು ಒಂದೇ, ಆದರೆ ಸರಿಯಾಗಿ ಊರಿದೆ ಎಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಮತ್ತೆಂದೂ ನೋಡಲಿಲ್ಲ.

ಹೊರಡುವಾಗ ನಾನು ಜಾರಿದೆ. ಬಾರ್ನಕಲ್ ಅಂಗಾಲನ್ನು ಕೊಯ್ದಿತು. ಮಿಸ್ ತಮ್ಮ ದುಪಟ್ಟಾದಿಂದಲೇ ಕಟ್ಟಿ ಮನೆಗೆ ಮುಟ್ಟಿಸಿದರು. ಮಮ್ಮಿ ಗಾಯ ತೊಳೆದು, ಏನೂ ಆಗಿಲ್ಲ ಎಂದು ಅವರಿಗೇ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿದರು.

ಆದರೆ ನಾವು ನೀರಿನಲ್ಲಿದ್ದಾಗ ಶಾಲೆಯ ಕಮಿಟಿಯವರೊಬ್ಬರು ಆ ದಾರಿಯಲ್ಲಿ ಕಾರಿನಲ್ಲಿ ಹೋಗಿದ್ದರಂತೆ. ಹುಡುಗಿಯರು ಮೊಣಕಾಲು ಬಿಟ್ಟು ರಸ್ತೆ ಬದಿಯಲ್ಲಿ ನಿಂತಿದ್ದರೆಂದು ಅವರಿಗೆ ಅವಮಾನವಾಯಿತಂತೆ. ಇದು ಸ್ಟಾಫ್ ರೂಮಿನಿಂದ ನಮಗೆ ಆಮೇಲೆ ತಿಳಿದದ್ದು. ಮಿಸ್‌ರನ್ನು ಕೆಲಸದಿಂದ ತೆಗೆಯಲು ಶಾಲೆಯವರು ಹೊರಗೆ ಹೇಳಿದ್ದು ಬೇರೆ: ಅನುಮತಿಯಿಲ್ಲದೆ ಕರೆದೊಯ್ದರು, ಮಗು ಗಾಯಗೊಂಡಿತು, ಪೋಷಕರು ದೂರು ಕೊಟ್ಟಿದ್ದಾರೆ.

ಪೋಷಕರು ಅಂದರೆ ಯಾರು? ನಾವೇ ಅಲ್ಲವೇ!

ಮಮ್ಮಿ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ, ಕುಂಟುವ ನನ್ನನ್ನೂ ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರೂ ನಮ್ಮ ಕರಾವಳಿಯವರೇ.

“ಕಾಲು ನನ್ನ ಮಗಳದ್ದು ಸರ್. ನನಗಿಲ್ಲದ ದೂರು ನಿಮಗೆಲ್ಲಿಂದ ಬಂತು?”

“ಇದು ಶಿಸ್ತಿನ ವಿಷಯ ಸಿಸ್ಟರ್, ನೀವು ತಲೆ ಹಾಕಬೇಡಿ.”

ನಾನು ಬಾಯಿ ಬಿಟ್ಟೆ. “ಹೋಗಿ ಬನ್ನಿ ಅಂತ ನೀವೇ ಹೇಳಿದ್ರಲ್ಲ ಸರ್, ನಮ್ಮ ಎದುರಿಗೇ.”

ಅವರು ನನ್ನ ಕಡೆ ನೋಡಲೇ ಇಲ್ಲ. ದೊಡ್ಡವರ ಜೊತೆ ಹೇಗೆ ಮಾತಾಡಬೇಕೆಂದು ಮಗಳಿಗೆ ಕಲಿಸಿ ಎಂದು ಮಮ್ಮಿಗೆ ಹೇಳಿದರು. ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಕೇಳದೆ ಕರೆದುಕೊಂಡು ಹೋದೆ, ತಪ್ಪಾಯಿತು ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದು ಮಿಸ್‌ಗೆ ಹೇಳಿ ಕಳಿಸಿದರು. ಜೊತೆಯ ಟೀಚರುಗಳೂ ಬರೆದುಬಿಡಿ ಎಂದರಂತೆ. ಅವರ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ಶಾಲೆಯ ಕೈಯಲ್ಲಿತ್ತು. ಕೆಲಸ ಹೋದರೆ ದೇಶ ಬಿಡಬೇಕು. ಮಮ್ಮಿ ಕೂಡ, ಏನೋ ಒಂದು ಬರೆದು ಉಳಿದುಕೊಳ್ಳಿ ಎಂದು ಬೇಡಿಕೊಂಡರು. ಮಿಸ್ ನಮ್ಮ ಮನೆಯ ಸೋಫಾದ ಅಂಚಿನಲ್ಲಿ ಕೂತಿದ್ದರು.

“ಮಕ್ಕಳು ಕೇಳಿಸಿಕೊಂಡಿದ್ದಾರೆ ಸಿಸ್ಟರ್. ಈಗ ನಾನು ಸುಳ್ಳು ಬರೆದರೆ ನಾಳೆ ಅವರ ಎದುರು ಯಾವ ಮುಖ ಇಟ್ಟುಕೊಂಡು ಪಾಠ ಮಾಡಲಿ?”

ತಿಂಗಳು ಮುಗಿಯುವ ಮೊದಲೇ ಅವರು ಹೊರಟರು. ಡ್ಯಾಡಿಯೇ ಏರ್‌ಪೋರ್ಟಿಗೆ ಬಿಟ್ಟರು. ಆ ಪಾಠದ ಉಳಿದ ಭಾಗವನ್ನು ಹೊಸಬರೊಬ್ಬರು ಒಂದೇ ಪೀರಿಯಡ್ಡಿನಲ್ಲಿ ಓದಿ ಮುಗಿಸಿದರು.

ಆಮೇಲೆ ಮಿಸ್‌ರನ್ನು ಒಮ್ಮೆ ಮಾತ್ರ ಭೇಟಿಯಾದೆ, ಮದುವೆಯಾದ ಹೊಸತರಲ್ಲಿ, ಉಡುಪಿಯಲ್ಲಿ. ಸಣ್ಣ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಮಕ್ಕಳನ್ನು ಹೊಳೆಗೆ ಕರೆದೊಯ್ಯುತ್ತೀರಾ ಎಂದು ಕೇಳಿದೆ. ಇಲ್ಲ ಮಗಾ, ಈಗ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ ಎಂದರು. ಶಾಲೆಯವರು ಅವರ ಕೆಲಸ ಕಿತ್ತುಕೊಂಡದ್ದು ಸಾಲದೆ ಈ ಧೈರ್ಯವನ್ನೂ ಕಿತ್ತುಕೊಂಡಿದ್ದರು.

ಎರಡು ವರ್ಷಗಳ ಹಿಂದೆ ಇಲ್ಲಿ ಕುವೈತಿನಲ್ಲೇ ಹಳೇ ವಿದ್ಯಾರ್ಥಿಗಳ ಕೂಟವಾಯಿತು. ನಿವೃತ್ತರಾಗಿದ್ದ ಪ್ರಿನ್ಸಿಪಾಲರನ್ನು ಊರಿನಿಂದ ಕರೆಸಿ ಶಾಲು ಹೊದಿಸಿದರು. ಮಕ್ಕಳನ್ನು ಹೊರಗೆ ಕರೆದೊಯ್ದು ಕಲಿಸಿದವರು ಎಂದು ಯಾರೋ ಹೊಗಳಿದರು. ನಾನು ಹೋಗಿ ಎಲ್ಲರ ಎದುರೇ ಕೇಳಿದೆ: ಕಡಲಿಗೆ ಕರೆದೊಯ್ದ ಮಿಸ್ ನೆನಪಿದ್ದಾರಾ ಸರ್? ಅವರು ನಿಜವಾಗಿಯೂ ಯೋಚಿಸಿದರು. ಎಷ್ಟೋ ಟೀಚರ್ ಬಂದು ಹೋದರು ಮಗಳೇ ಎಂದು ನಕ್ಕರು. ನಟನೆಯಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರಿಗೆ ಮರೆತೇ ಹೋಗಿತ್ತು.

ಮಿಸ್ ಹೋದ ವರ್ಷ ತೀರಿಕೊಂಡರು. ಮಮ್ಮಿ ಫೋನಿನಲ್ಲಿ ಸುದ್ದಿ ಹೇಳಿ ಅತ್ತರು. ಆ ಸುಳ್ಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನು ತೆಗೆದುಕೊಂಡರೂ ಕೇಳುವುದಕ್ಕೆ ಅವರಿಲ್ಲ.