ಅಕ್ಕ ಓಡಿಸಿದ ಜರ್ಮನಿ ಕಾರು

ಇವತ್ತು ಜೇವರ್ಗಿಯ ಪೆಟ್ರೋಲ್ ಬಂಕಿನಲ್ಲಿ ಪಕ್ಕದ ಕಾರಿನ ಬಾಗಿಲು ತೆರೆದಾಗ, ಬಿಸಿಲಿಗೆ ಕಾದ ಚರ್ಮದ ಸೀಟಿನ ವಾಸನೆ ಬಂತು. ನೆಲೋಗಿಯ ನಮ್ಮ ಅಂಗಳ ನೆನಪಾಯಿತು.

ಅಪ್ಪ ಊರಿನ ಸಾಹುಕಾರರ ಹಳೆಯ ಜರ್ಮನಿ ಕಾರಿನ ಡ್ರೈವರ್. ಕಾರು ನಮ್ಮ ಅಂಗಳದಲ್ಲೇ ನಿಲ್ಲುತ್ತಿತ್ತು. ಹರಿದ ಬನಿಯನ್ನಿನಿಂದ ಅದನ್ನು ಒರೆಸುತ್ತ ಅಪ್ಪ ಆ ಕಂಪನಿಯ ಕತೆ ಹೇಳುತ್ತಿದ್ದ. ಮೊದಲ ಕಾರು ಮಾಡಿದವನನ್ನು ಜನ ನಂಬಿರಲಿಲ್ಲವಂತೆ. ಅವನ ಹೆಂಡತಿ ಗಂಡನಿಗೂ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ತವರಿಗೆ ಅದನ್ನು ಓಡಿಸಿಕೊಂಡು ಹೋದಳಂತೆ.

"ಆ ಹೆಣ್ಮಗಳಿಂದನ ಈ ಕಾರಿಗೆ ಹೆಸರು ಬಂತು ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅಕ್ಕನ ಹಟಕ್ಕೆ ಸೋತು ಅಪ್ಪನೇ ಹೊಲದ ದಾರಿಯಲ್ಲಿ ಅವಳಿಗೆ ಕಾರು ಕಲಿಸಿದ.

ಒಂದು ಮಧ್ಯಾಹ್ನ ಅವ್ವ ಜ್ವರದಲ್ಲಿ ಎಚ್ಚರ ತಪ್ಪಿದಳು. ಅಪ್ಪ ಬಸ್ಸಿನಲ್ಲಿ ಕಲಬುರಗಿಗೆ ಹೋಗಿದ್ದ. ಕೀಲಿ ಗೋಡೆಯ ಮೊಳೆಯಲ್ಲಿತ್ತು. ಅಕ್ಕ ಅವ್ವನನ್ನು ಹಿಂದೆ ಮಲಗಿಸಿ, ನನ್ನನ್ನೂ ಕೂರಿಸಿಕೊಂಡು ಜೇವರ್ಗಿ ಆಸ್ಪತ್ರೆಗೆ ಕಾರು ಓಡಿಸಿದಳು. ಅವ್ವ ಉಳಿದಳು. ಕಾರಿಗೆ ಒಂದು ಗೀರೂ ಬೀಳಲಿಲ್ಲ.

ವಿಷಯ ತಿಳಿದ ಸಾಹುಕಾರರು ಮರುದಿನ ಅಂಗಳದಲ್ಲಿ ನಿಂತು ಕೂಗಾಡಿದರು. ಅವರ ಎದುರೇ ಅಪ್ಪ ಅಕ್ಕನ ಕೆನ್ನೆಗೆ ಹೊಡೆದ.

"ಆ ಹೆಣ್ಮಗಳ ಕತಿ ನೀನ ಹೇಳಿದ್ಯಲ್ಲಪಾ" ಎಂದಳು ಅಕ್ಕ.

"ಆಕಿ ಜರ್ಮನಿಯಾಕಿ. ನೀ ನೆಲೋಗಿಯಾಕಿ ಬೇ!"

ಆ ಸುಗ್ಗಿಯಲ್ಲೇ ಅಕ್ಕನನ್ನು ಮಣ್ಣೂರಿಗೆ ಮದುವೆ ಮಾಡಿ ಕೊಟ್ಟರು. ಅಪ್ಪ ಮತ್ತೆಂದೂ ಆ ಕತೆ ಹೇಳಲಿಲ್ಲ.

ಬಂಕಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ನಾನೂ ಕಾರ್ ತಗೊಂಡೇನಿ ಅಕ್ಕಾ. ಬಾ, ನೀನ ಓಡಸು" ಎಂದೆ.



"ಯಾವ ಕಾಲು ಎದರ ಮ್ಯಾಲ ಇಡಬೇಕಂತ ಸುದ್ದಾ ಮರತೇನಿ, ತಂಗಿ."