ಪೂಜೆಗೆ ಕೂತ ಡ್ರೋನ್

ಬದಲಾಪುರ ಸ್ಟೇಷನ್ನಿನ ಎದುರು ಉಡುಪಿ ಹೋಟೆಲು ನಡೆಸುವ ಜಯಲತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇಡ್ಲಿ ಆರಿದರೆ ಭಟ್ಟರ ಮೇಲೆ, ಚಟ್ನಿ ಕೇಳಿ ಹಾಕಿಸಿಕೊಂಡು ತಿನ್ನದೆ ಬಿಟ್ಟರೆ ಗಿರಾಕಿಯ ಮೇಲೆ. ಗಂಡ ಕಿಟ್ಟಣ್ಣ ಗಲ್ಲಾದಲ್ಲಿ ಕೂತು ಚಕಾರ ಎತ್ತದವನು.

ಹೋಟೆಲಿನ ಟೆರೇಸನ್ನು ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟವಳು ಅವಳೇ. ಹಳ್ಳ ಉಕ್ಕಿದರೆ ಗುಡ್ಡದಾಚೆಯ ವಾಡಿಗೆ, ಹತ್ತಾರು ಮನೆಗಳ ಹಳ್ಳಿಗೆ, ದಾರಿಯಿಲ್ಲ. ಔಷಧಿ ಹೊತ್ತ ಟ್ರಸ್ಟಿನ ಡ್ರೋನ್ ಇಲ್ಲಿಂದಲೇ ಹಾರಬೇಕು. ಹೋಟೆಲಿನ ಪತ್ರೊಡೆಗೆ ಕೆಸುವಿನ ಎಲೆ ತಂದುಕೊಡುವ ಹೀರಾಬಾಯಿಯ ಮನೆ ಆ ವಾಡಿಯಲ್ಲೇ.

ಆಯುಧಪೂಜೆಗೆ ಕಿಟ್ಟಣ್ಣನ ಅಣ್ಣ ಮಧ್ವೇಶ ಬಂದಿದ್ದರು. ಗ್ರೈಂಡರು, ತಕ್ಕಡಿ, ಸ್ಕೂಟರುಗಳ ಸಾಲಿನಲ್ಲಿ ಡ್ರೋನನ್ನೂ ಮಣೆಯ ಮೇಲೆ ಕೂರಿಸಿ, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಬಳಿದರು.

ಆರತಿ ಮುಗಿಯುವಷ್ಟರಲ್ಲಿ ವಾಡಿಯ ನರ್ಸಿನ ಫೋನು. ಹೀರಾಬಾಯಿಗೆ ಹಾವು ಕಚ್ಚಿದೆ, ವಿಷಕ್ಕೆ ಕೊಡುವ ಇಂಜೆಕ್ಷನ್ ಇಲ್ಲಿ ಮುಗಿದಿದೆ, ಹಳ್ಳ ತುಂಬಿದೆ, ಬೇಗ ಕಳಿಸಿ.

ಡ್ರೋನ್ ಹಾರಿಸುವ ರಿತೇಶ್ ಮಣೆಯ ಹತ್ತಿರ ಬಂದ. ಮಧ್ವೇಶ ಕೈ ಅಡ್ಡ ಹಿಡಿದರು. "ಪೂಜೆಗೆ ಇಟ್ಟದ್ದನ್ನು ಇವತ್ತು ಎತ್ತುವ ಕ್ರಮ ಇಲ್ಲ. ನಾಳೆ ಮಂಗಳಾರತಿ ಆಗ್ಲಿ."

"ಆಂಟಿ, ಅಬ್ ಕ್ಯಾ ಕರೂಂ?" ಈಗೇನು ಮಾಡಲಿ ಎಂದು ಕೇಳಿದ ರಿತೇಶ್.

ಜಯಲತಾ ಗಂಡನ ಮುಖ ನೋಡಿದಳು. "ಅಣ್ಣ ಹೇಳಿದ ಮೇಲೆ..." ಎಂದು ಅವನು ಗಲ್ಲಾದ ಕಡೆ ತಿರುಗಿದ. ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇಡ್ಲಿ ಚಟ್ನಿಗೆ ಸುರಿದ ಸಿಟ್ಟೆಲ್ಲ ದಂಡ, ಇವತ್ತಿಗೆ ಕೂಡಿಡಬೇಕಿತ್ತು ಅನಿಸಿತು.

"ಎಂತ ಭಾವ, ಹಾವಿಗೂ ಕ್ರಮ ಹೇಳಿಕೊಟ್ಟಿದ್ದೀರಾ, ಇವತ್ತು ಕಚ್ಚಬೇಡ ಅಂತ? ನಿಮ್ಮ ಮಗಳು ದಿಶಾಗೆ ಕಚ್ಚಿದ್ರೆ ನಾಳೆಯವರೆಗೆ ಕಾಯ್ತಿದ್ರಾ?"

"ಜಯಾ, ಮಾತು ಜಾಸ್ತಿ ಆಯ್ತು."

"ಇನ್ನೂ ಶುರುವೇ ಆಗ್ಲಿಲ್ಲ!"

ಹಾರ ಕಿತ್ತೆಸೆದಳು. ಸೆರಗಿನಲ್ಲೇ ಕುಂಕುಮ ಒರೆಸಿ ಡ್ರೋನನ್ನು ರಿತೇಶನ ಕೈಗೆ ಕೊಟ್ಟಳು. ಅವನು ಟೆರೇಸಿಗೆ ಓಡಿ, ಅಲ್ಲಿಟ್ಟಿದ್ದ ಇಂಜೆಕ್ಷನ್ ಅದಕ್ಕೆ ಕಟ್ಟಿ ಹಾರಿಸಿದ. ಡ್ರೋನ್ ಗುಡ್ಡ ದಾಟಿ ಮರೆಯಾದರೂ ಕೆಳಗೆ ಮಧ್ವೇಶರು ಅಪಚಾರ, ಅಪಚಾರ ಎಂದು ಗೊಣಗುತ್ತಲೇ ಇದ್ದರು. ಜಯಲತಾ ಫೋನು ಹಿಡಿದು ನಿಂತಲ್ಲೇ ನಿಂತಿದ್ದಳು.

ಕೊನೆಗೆ ನರ್ಸ್ ಫೋನು ಮಾಡಿದಳು. ಇಂಜೆಕ್ಷನ್ ಕೊಟ್ಟಾಗಿದೆ, ಹೀರಾಬಾಯಿ ಕಣ್ಣು ಬಿಟ್ಟು ಮಾತಾಡಿದಳು.

ಮಧ್ವೇಶ ಮೇಲೆ ನೋಡಿ ಕೈಮುಗಿದರು. "ನೋಡಿದ್ರಾ? ಎಲ್ಲ ಪೂಜೆಯ ಫಲ."

ಜಯಲತಾ ನೆಲದ ಮೇಲಿನ ಹಾರ ಎತ್ತಿ ಅವರ ಕೈಗೇ ಇಟ್ಟಳು. "ಪೂಜೆಯದ್ದಲ್ಲ ಭಾವ, ಪೂಜೆ ಮುರಿದದ್ದರ ಫಲ."

ಆಮೇಲೆ ಗ್ರೈಂಡರಿನ ಹಾರವನ್ನೂ ತೆಗೆದು ಸ್ವಿಚ್ ಹಾಕಿದಳು.